ಖಳನಾಯಕ ಸಾಯುವ ಮೊದಲು

ಮದುವೆಗೆ ಮುಂಚೆಯೇ ಹುಡುಗನನ್ನೂ ಹುಡುಗಿಯನ್ನೂ ಸಿನಿಮಾಕ್ಕೆ ಕಳಿಸುವಷ್ಟು ಕ್ಯಾತನಹಳ್ಳಿ ಮುಂದುವರಿದಿತ್ತು. ಇಬ್ಬರನ್ನೇ ಕಳಿಸುವಷ್ಟು ಮುಂದುವರಿದಿರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ಪಾಂಡವಪುರದ ಟಾಕೀಸಿನಲ್ಲಿ ತನುಶ್ರೀ ಒಂದು ಕಡೆ, ದಿಲೀಪ ಇನ್ನೊಂದು ಕಡೆ, ನಡುವೆ ದಿಲೀಪನ ಅಜ್ಜಿ ಮಾಯಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗಡಿಕಲ್ಲಿನಂತೆ ಕೂತಿದ್ದರು.

ಸಿನಿಮಾ ಮುಗಿಸಿ ಮನೆಗೆ ಹೋದಮೇಲೆ ತನುಶ್ರೀ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಸಂಜೆ ಫೋನು ಮಾಡಿ ತಿಳಿಸುತ್ತೇವೆಂದು ಅವಳ ತಾಯಿ ಜಯಲಕ್ಷ್ಮಮ್ಮ ಗಂಡಿನ ಮನೆಗೆ ಮಾತು ಕೊಟ್ಟಾಗಿತ್ತು. ಹುಡುಗ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟರು, ನೋಡಲು ಲಕ್ಷಣ, ಕುಡಿಯುವವನಲ್ಲ. ಹೆತ್ತವರಿಗೆ ಇನ್ನೇನು ಬೇಕು? ತನುಶ್ರೀಗೆ ಮಾತ್ರ ಇನ್ನೊಂದು ಬೇಕಿತ್ತು.

ಅವಳು ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನೀರು ಬೆರೆಸಿದವನು ಸ್ವಂತ ದೊಡ್ಡಪ್ಪನಾದರೂ ಮುಖಕ್ಕೆ ಹೇಳಿಬಿಡುತ್ತಿದ್ದಳು. ನೋಡಿದ ಸಿನಿಮಾಕ್ಕೂ ಅದೇ ಗತಿ. ಇದು ಗಟ್ಟಿ, ಇದು ನೀರು ಎಂದು ಬಿಡಿಸಿ ಹೇಳದಿದ್ದರೆ ಅವಳಿಗೆ ಉಂಡದ್ದು ಅರಗದು. ಹಿಂದೆ ನಾಗಮಂಗಲದ ಕಡೆಯಿಂದ ಬಂದ ಸಂಬಂಧ ತಪ್ಪಿಹೋದದ್ದೂ ಅದಕ್ಕೇ. ‘ಹುಡುಗಿ ಎಲ್ಲಕ್ಕೂ ಕೊಂಕು ತೆಗೀತಾಳೆ’ ಅಂದುಬಿಟ್ಟರು. ಬಾಯಿ ಮುಚ್ಚಿಕೊಂಡೇ ಬಾಳಬೇಕಾದರೆ ಮದುವೆ ಯಾಕೆ, ಮನೆಯಲ್ಲೇ ಇರುತ್ತೇನೆ ಎಂದು ತನುಶ್ರೀ ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು.

ದಿಲೀಪನದು ಬೇರೆ ತೊಂದರೆ. ಕಾಫಿಯೋ ಟೀಯೋ ಅಂದರೆ ‘ನಿಮಗ್ಯಾವ್ದೋ ಅದೇ’. ಮುಂದೆ ಕೂರೋಣವೋ ಹಿಂದೆಯೋ ಅಂದರೆ ‘ನೀವೆಂಗಂದ್ರೆ ಅಂಗೆ’. ಎಲ್ಲಕ್ಕೂ ಹೂಂ ಅನ್ನುವವನು ಏನನ್ನೂ ಕೇಳಿಸಿಕೊಂಡಿರುವುದಿಲ್ಲ, ಇದು ಡೇರಿಯ ಕಿಟಕಿಯಲ್ಲಿ ನಿಂತು ಅವಳು ಕಲಿತದ್ದು.

ಸಿನಿಮಾದಲ್ಲಿ ಸಿಡಿಲು ಬಡಿದ ಲೈನ್‌ಮ್ಯಾನ್ ಒಬ್ಬನಿಗೆ ಮಹಾಶಕ್ತಿ ಬರುತ್ತದೆ. ಖಳನಾಯಕ ಒಬ್ಬ ಮುದುಕ. ಅಣೆಕಟ್ಟು ಕಟ್ಟಿದಾಗ ಅವನ ಊರು ಮುಳುಗಿದೆ, ಈಗ ಅದನ್ನು ಒಡೆಯಲು ಹೊರಟಿದ್ದಾನೆ. ನೀರಿನಡಿಯ ಊರಿನಲ್ಲಿ ತನ್ನ ಮನೆ ಎಲ್ಲಿತ್ತೆಂದು ಅವನು ದೋಣಿಯಲ್ಲಿ ನಿಂತು ಕೋಲಿನಿಂದ ತೋರಿಸುವ ಒಂದು ಸೀನಿನಲ್ಲಿ ತನುಶ್ರೀ ಸೀಟಿನ ತುದಿಗೆ ಸರಿದು ಕೂತಳು.

ವಿರಾಮದಲ್ಲಿ ಬೋಂಡ ತಿನ್ನುತ್ತಾ ಅವಳೇ ಕೇಳಿದಳು. “ಎಂಗನ್ನಿಸ್ತು?”

“ಚೆನ್ನಾಗದೆ,” ಅಂದ ದಿಲೀಪ.

“ಏನ್ ಚೆನ್ನಾಗದೆ? ಲೈನ್‌ಮ್ಯಾನ್‌ಗೆ ಶಕ್ತಿ ಬಂದಿದ್ದೇ ತಡ, ಕಷ್ಟಾನೇ ಇಲ್ಲ. ಬರೀ ಫೈಟು. ಮುದುಕನ ಕತೆ ಒಂದೇ ಗಟ್ಟಿ. ಅಲ್ವಾ?”

“ಹೂಂ, ನೀವ್ ಹೇಳ್ದಂಗೆ.”

ತನುಶ್ರೀಯ ತೀರ್ಮಾನ ಅಲ್ಲಿಗೆ ಮುಗಿಯಿತು. ಊಹೂಂ. ಪಾಪ, ಒಳ್ಳೆಯವನೇ. ಆದರೆ ಗೋಡೆಯೂ ಒಳ್ಳೆಯದೇ, ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ.

ಕೊನೆಯ ಹೊಡೆದಾಟ ಶುರುವಾಯಿತು. ಮುದುಕನ ಕಡೆಯವರೆಲ್ಲ ಓಡಿಹೋಗಿ, ಅಣೆಕಟ್ಟಿನ ಮೇಲೆ ಅವನೊಬ್ಬನೇ ನಿಂತ. ಆಗ ಮಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ದಿಲೀಪನೂ ಎದ್ದು, ಅಜ್ಜಿಯ ಕೈಹಿಡಿದು ಹೊರಗೆ ಹೊರಟೇಹೋದ. ಅಜ್ಜಿಗೆ ತಲೆಸುತ್ತು ಬಂತೇನೋ ಎಂದು ಗಾಬರಿಯಾದ ತನುಶ್ರೀಗೆ ಅವನು ಕೈಸನ್ನೆಯಲ್ಲೇ ‘ನೀವು ನೋಡಿ’ ಅಂದ. ಅವಳು ಕೂತಳು, ಆದರೆ ಮೈಯೆಲ್ಲ ಉರಿಯಿತು. ಸಿನಿಮಾದ ಜೀವ ಇರುವುದೇ ಅಲ್ಲಿ. ಅದನ್ನೂ ನೋಡದವನ ಜೊತೆ ಮಾತೇನು ಬಂತು?

ಮುಗಿದ ಮೇಲೆ ಹೊರಗೆ ಬಂದರೆ ಅಜ್ಜಿ ಮೊಮ್ಮಗ ಪೋಸ್ಟರಿನ ಕೆಳಗಿನ ಕಟ್ಟೆಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು.

“ಉಷಾರಿಲ್ವಾ ಅಜ್ಜಿ?”

“ಚೆನ್ನಾಗಿವ್ನಿ ಕಣ್ ಮಗ, ಬಾ ಕೂತ್ಕೋ,” ಅಂದರು ಮಾಯಮ್ಮ. “ನಮ್ಮವ್ರು ಊರ ನಾಟಕದಲ್ಲಿ ವರ್ಸ ವರ್ಸಾನೂ ರಾಕ್ಷಸರಾಜನ ಪಾರ್ಟು ಮಾಡೋರು. ದೇವ್ರ ಪಾರ್ಟು ಯಾರ್ ಬೇಕಾದ್ರೂ ಮಾಡ್ಬೋದು, ಸುಮ್ನೆ ಕೈ ಎತ್ಕೊಂಡು ನಿಂತ್ರೆ ಆಯ್ತು. ರಾಕ್ಷಸಂಗೆ ಗಂಟ್ಲು ಬೇಕು. ಆದ್ರೆ ಗಂಡ ಬಣ್ಣ ಅಚ್ಕೊಂಡು ಸಾಯೋದ ಎಂಡ್ತಿ ಆದೋಳು ನೋಡ್ಬಾರ್ದು ಅಂತ ನಮ್ಮತ್ತೆ ಕಟ್ಟು ಮಾಡಿದ್ರು. ಯುದ್ಧದ ಸೀನು ಬತ್ತಿದ್ದಂಗೇ ಎದ್ದು ಮನೆಗೆ ಬಂದ್ಬುಡೋಳು.”

ಒಂದು ಕಾಯಿ ಬಿಡಿಸಿ ತನುಶ್ರೀಯ ಕೈಗಿಟ್ಟರು. “ಈಗ ಅವ್ರೇ ಓಗ್ಬುಟ್ರು. ಇನ್ಯಾವ ತಾಳಿಗೆ ಇದೆಲ್ಲ ಅಂತ ಸೊಸೆ ನಗ್ತಾಳೆ. ಕಾಲು ಕೇಳಾಕಿಲ್ಲ ಮಗ. ಸಿನಿಮಾದಲ್ಲೂ ಅಂಗೇ. ರಾಕ್ಷಸನ ಪಾರ್ಟಿನೋನು ಒಬ್ನೇ ಆದ ಅಂದ್ರೆ ಕೂರಕ್ಕಾಗಾಕಿಲ್ಲ. ನಮ್ಮವ್ರು ಬೀಳೋ ಮುಂಚೆ ರಾಗ ಎಳ್ದು ಒಂದ್ ಪದ ಆಡ್ತಿದ್ರಂತೆ. ಜನ ಒನ್ಸ್ ಮೋರ್ ಅಂದ್ರೆ, ಸತ್ತಿರೋರು ಎದ್ದು ಮತ್ತೆ ಆಡಿ ಮತ್ತೆ ಸಾಯ್ತಿದ್ರಂತೆ. ಊರ್ನೋರೆಲ್ಲ ನೋಡವ್ರೆ. ನಾನೊಬ್ಳೇ ನೋಡ್ಲಿಲ್ಲ.”

ತನುಶ್ರೀಯ ಉರಿ ಎಲ್ಲಿ ಹೋಯಿತೋ. ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನ್ನಿಸಿತು.

“ನನ್ನ ಮನೆತಂಕ ಬಿಡಕ್ಕೆ ಸಣ್ಣ ಹುಡ್ಗ ಇವನು ಬ್ಯಾಟ್ರಿ ಇಡ್ಕೊಂಡು ಜೊತೇಲಿ ಬರೋನು,” ಎಂದರು ಮಾಯಮ್ಮ. “ಇವನೂ ಒಂದಿನ ಪೂರ್ತಿ ನೋಡ್ಲಿಲ್ಲ.”

ದಿಲೀಪ ತಲೆ ತಗ್ಗಿಸಿದ. “ಅದೇ ಅಭ್ಯಾಸ ಆಗೋಯ್ತು. ಕೊನೆ ಗೊತ್ತಿಲ್ದೋನು ಇದ್ ಸರಿ, ಇದ್ ತಪ್ಪು ಅಂತ ಏನ್ ಹೇಳೋದು? ನೋಡಿರೋರು ಅಂದಂಗೆ ಅಂದ್ಬುಡ್ತೀನಿ.”

“ನೀ ನೋಡ್ದಲ್ಲ ಮಗ,” ಮಾಯಮ್ಮ ಅವಳತ್ತ ತಿರುಗಿದರು. “ಸಿನಿಮಾದ ಮುದುಕ ಎಂಗ್ ಸತ್ತ?”

ತನುಶ್ರೀ ಹೇಳಿದಳು. ಸುಳ್ಳು ಬೆರೆಸಲಿಲ್ಲ. “ಸರಿಯಾಗಿ ಸಾಯಿಸ್ಲಿಲ್ಲ ಅಜ್ಜಿ. ಒಂದ್ ಮಾತೂ ಆಡ್ಸ್ಲಿಲ್ಲ. ಜನಕ್ಕೆ ಸಿಟ್ಟು ಬರ್ಲಿ ಅಂತ ಅವನ ಕೈಲಿ ಒಂದ್ ಮಗು ಎತ್ತಿ ನೀರಿಗೆ ಎಸಿಸಿದ್ರು. ಅಲ್ಲೀವರ್ಗೂ ಅವನು ಅಂತೋನಲ್ಲ. ಊರು ಮುಳುಗಿದ್ದಕ್ಕೆ ಉತ್ರ ಕೊಡಕ್ಕಾಗ್ದೆ ಅವನ್ನೇ ಕೆಟ್ಟೋನ್ ಮಾಡಿ ಮುಗಿಸ್ಬುಟ್ರು. ಮಗೂನ ಲೈನ್‌ಮ್ಯಾನ್ ಎತ್ಕೊಂಡು ಬಂದ. ಆಮೇಲೆ ಮುದುಕನ್ನ ಹೊಡಿಯಕ್ಕೆ ಕೈ ಎತ್ತಿದೋನು, ಹೊಡೀದೆ ಎಷ್ಟೋ ಹೊತ್ತು ನಿಂತ್ಕೊಂಡೇ ಇದ್ದು ಕೊನೇಲಿ ಹೊಡ್ದ. ಅದಂತೂ ಎಳೆದೂ ಎಳೆದೂ ಸಾಕಾಯ್ತು. ದೊಡ್ಡ ಕೊರತೆ ಅದೇ.”

“ಇಲ್ಲ,” ಅಂದ ದಿಲೀಪ.

ತನುಶ್ರೀ ತಿರುಗಿ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

“ಅದ ಕೊರತೆ ಅನ್ಬೇಡಿ. ಆ ಲೈನ್‌ಮ್ಯಾನ್ ಊರ್ನೋರು ಕುಡಿಯೋದು ಅದೇ ಕಟ್ಟೆ ನೀರು. ಮುದುಕನ ಊರು ಮುಳುಗಿದ್ದಕ್ಕೇ ಇವರ ಗದ್ದೆಗೆ ನಾಲೆ ಬಂತು. ಅದು ಗೊತ್ತಿದ್ದೂ ಪಟ್ ಅಂತ ಮುದುಕನ್ನ ಹೊಡ್ದಿದ್ರೆ ಅವನ್ಯಾವ ಹೀರೋ? ಕೈ ತಡೀಲೇಬೇಕು. ನೀವ್ ಹೇಳಿದ್ರಲ್ಲಿ ಅದೊಂದೇ ನಂಗೆ ಗಟ್ಟಿ ಅನ್ನಿಸ್ತು.”

ತನುಶ್ರೀ ವಾದಕ್ಕೆ ಬಾಯಿ ತೆರೆದಳು. ಆ ಸೀನನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿದಳು. ಎತ್ತಿದ ಕೈ, ಕೆಳಗೆ ನೀರು. ತಾನು ನೋಡಿಯೂ ನೋಡದ್ದನ್ನು ಇವನು ಕಟ್ಟೆಯ ಮೇಲೆ ಕೂತು, ಬರೀ ಅವಳ ಮಾತು ಕೇಳಿಯೇ ಕಂಡಿದ್ದ. ಅಂದರೆ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದ. ಸೋತದ್ದಕ್ಕೆ ಇಷ್ಟು ಸಂತೋಷವಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

“ಹೂಂ, ನೀವಂದಿದ್ದೇ ಸರಿ,” ಅಂದಳು ಮೆಲ್ಲಗೆ. “ಮಗು ಎಸೆದಿದ್ದು ಮಾತ್ರ ತಪ್ಪೇ. ಅದ್ರಲ್ಲಿ ನಾನ್ ಬುಟ್ಟುಕೊಡಲ್ಲ.”

“ಅದು ತಪ್ಪೇ,” ಅಂದ ದಿಲೀಪ. ಈ ಸಲದ ಹೂಂ ಬೇರೆಯದು, ಅವಳಿಗೆ ಗೊತ್ತಾಯಿತು.

ಕೆ.ಆರ್. ಪೇಟೆಯ ಬಸ್ಸಿನ ಹೊತ್ತಾಗಿತ್ತು. ಮಾಯಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. “ನಿಮ್ಮವ್ವ ಫೋನು ಮಾಡ್ತೀನಿ ಅಂದವಳೆ. ನಿನ್ ಮನಸ್ಸಲ್ಲಿ ಏನೈತೋ ಅದ್ನೇ ಹೇಳ್ಸು ಮಗ. ನಮಗೇನೂ ಬೇಜಾರಿಲ್ಲ.”

ತನುಶ್ರೀ ಅವರ ಸೆರಗಿಗೆ ಅಂಟಿದ್ದ ಕಡಲೆ ಸಿಪ್ಪೆಯನ್ನು ಕೊಡವಿದಳು.

“ಇನ್ಮೇಲೆ ಅಂಥ ಸೀನು ಬಂದ್ರೆ ನೀವಿಬ್ರೂ ಎದ್ದು ಬಂದ್ಬುಡಿ ಅಜ್ಜಿ,” ಅಂದಳು. “ನಾನು ಕೂತಿದ್ದು, ಕೊನೆವರ್ಗೂ ನೋಡ್ಕೊಂಡು ಬಂದು ಹೇಳ್ತೀನಿ.”

ದಿಲೀಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾಯಮ್ಮ ಅಷ್ಟರಲ್ಲೇ ಅವಳ ಕೆನ್ನೆ ಸವರಿ ನೆಟಿಗೆ ಮುರಿದಿದ್ದರು.