ಎರಡು ಬೆರಳು ಗಿಡ್ಡ ತೋಳು

ಗೋಪನಕೊಪ್ಪದ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ, ೧೯೫೯ನೆಯ ಇಸವಿಯ ದಸರೆಯ ಪ್ರಕರಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಆ ವರ್ಷ ಶಾಂತಯ್ಯ ಮಾಸ್ತರರು ಹೊಲಿಸಿದ ಹೊಸ ಅಂಗಿಯ ಎಡತೋಳು ಬಲತೋಳಿಗಿಂತ ಎರಡು ಬೆರಳು ಗಿಡ್ಡವಾಗಿತ್ತು. ಬಟ್ಟೆ ಸಾಲದೆ ಹೀಗಾದದ್ದಲ್ಲ, ದರ್ಜಿ ಮಕಬೂಲಸಾಬನ ಕತ್ತರಿ ಜಾರಿದ್ದೂ ಅಲ್ಲ. ಅಳತೆ ಕೊಡುವಾಗ ಮಾಸ್ತರರೇ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಇಷ್ಟು ಜಾಗ ಬಿಡು ಎಂದಿದ್ದರು. ಅಲ್ಲಿ ಒಂದು ಕೈಗಡಿಯಾರ ಬಂದು ಕೂಡ್ರುವುದಿತ್ತು. ಅದು ತೋಳಿನೊಳಗೆ ಮುಚ್ಚಿಹೋದರೆ ಬಂದು ಏನು ಸಾರ್ಥಕ?

ಶಾಂತಯ್ಯ ಮಾಸ್ತರರು ಊರ ಸಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ನಾಲ್ಕನೆಯ ಇಯತ್ತೆಗೆ ಗಣಿತ ಕಲಿಸುತ್ತಿದ್ದರು. ಚಕ್ರಬಡ್ಡಿಯನ್ನು ಬಾಯಿಲೆಕ್ಕದಲ್ಲೇ ಬಿಡಿಸಬಲ್ಲವರು. ಮೇಲಾಗಿ ಊರಿಗೆ ಗುರುಸ್ಥಾನದ ಅಯ್ಯನವರ ಮನೆತನ. ದಸರೆಯ ಸಂಜೆ ಬನ್ನಿ ಮುಡಿದು ಬಂದ ಜನ ಮೊದಲು ಅವರ ಕಟ್ಟೆಗೆ ಬಂದು, ಎಲೆ ಕೈಗಿಟ್ಟು, ಕಾಲು ಮುಟ್ಟಿ, ಅವರ ಕೈಯಿಂದ ತಿರುಗಿ ಬನ್ನಿ ಪಡೆದೇ ಮುಂದಿನ ಮನೆಗೆ ಹೋಗುತ್ತಿದ್ದರು. ಕಿರಿಯರು ಹಿರಿಯರಲ್ಲಿಗೆ ಹೋಗಬೇಕು. ಹಿರಿಯರು ತಮ್ಮ ಕಟ್ಟೆ ಬಿಟ್ಟು ಏಳುವುದಿಲ್ಲ. ಕೊಟ್ಟ ಬನ್ನಿಯನ್ನು ಒಲ್ಲೆನೆಂದವರನ್ನು ಗೋಪನಕೊಪ್ಪ ಇನ್ನೂ ಕಂಡಿರಲಿಲ್ಲ. ಆ ಒಂದು ದಿನದ ಮಟ್ಟಿಗೆ ಅದು ಎಲೆಯಲ್ಲ, ಬಂಗಾರ.

ಗಡಿಯಾರದ ಹಂಬಲ ಹಚ್ಚಿದವನು ರಮಾಕಾಂತ. ಮಾಸ್ತರರ ಸಂಗಡ ಓದಿದವನು, ಹುಬ್ಬಳ್ಳಿಯ ಹತ್ತಿ ದಲಾಲರೊಬ್ಬರ ಅಂಗಡಿಯಲ್ಲಿ ಗುಮಾಸ್ತ. ದಸರೆಗೆ ಒಂದು ತಿಂಗಳಿದೆ ಎನ್ನುವಾಗ ಮನೆಗೆ ಬಂದವನು, ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಏಳು ಸಲ ತನ್ನ ಹೊಸ ಕೈಗಡಿಯಾರದಲ್ಲಿ ಹೊತ್ತು ನೋಡಿದ. ಎಂಟನೆಯ ಸಲಕ್ಕೆ ಮಾಸ್ತರರು ಕೇಳಲೇಬೇಕಾಯಿತು.

ವಿಷಯ ಸರಳವಾಗಿತ್ತು. ಮುಂಬಯಿಯಲ್ಲಿ ಸೂರ್ಯೋದಯ ಗಡಿಯಾರ ಕಂಪನಿ ಎಂಬುದೊಂದು ಇದೆ. ಮೊದಲ ಐದು ಚೀಟಿ ಮಾರಿ ಗಡಿಯಾರ ಪಡೆದು, ಮತ್ತೈದು ತರಿಸಿಕೊಂಡಿದ್ದ ರಮಾಕಾಂತನಿಂದ ಎರಡು ರೂಪಾಯಿಗೆ ಒಂದು ಚೀಟಿ ಕೊಳ್ಳಬೇಕು. ಆ ಚೀಟಿಯ ಜೊತೆಗೆ ಎಂಟು ರೂಪಾಯಿಯನ್ನು ಕಂಪನಿಗೆ ಕಳಿಸಬೇಕು. ಅವರು ನಮ್ಮ ಹೆಸರಿನಲ್ಲಿ ಐದು ಚೀಟಿ ಕಳಿಸುತ್ತಾರೆ. ಎರಡೆರಡು ರೂಪಾಯಿಯಂತೆ ಐದನ್ನೂ ಮಾರಿದರೆ ಹಾಕಿದ್ದು ಕೈಸೇರಿತು. ಕೊಂಡ ಐವರೂ ತಮ್ಮ ತಮ್ಮ ಎಂಟು ರೂಪಾಯಿ ಕಳಿಸಿದ ದಿನ ನಮಗೆ ಗಡಿಯಾರ ಬರುತ್ತದೆ. ಆಮೇಲೆ ಆ ಐವರು ಐದೈದು ಮಾರುತ್ತಾರೆ, ಅವರಿಗೂ ಬರುತ್ತದೆ.

“ಲೆಕ್ಕಾ ನೀನ ಮಾಡು ಶಾಂತಯ್ಯಾ, ಕಲಸಾಂವ ನೀನು,” ಎಂದ ರಮಾಕಾಂತ. “ಹತ್ತ ಹೋತು, ಹತ್ತ ಬಂತು. ಗಡಿಯಾರ ಪುಕ್ಕಟ.”

ಮಾಸ್ತರರು ಲೆಕ್ಕ ಮಾಡಿದರು. ಹತ್ತರಲ್ಲಿ ಹತ್ತು ಕಳೆದರೆ ಸೊನ್ನೆಯೇ ಉಳಿಯಿತು. ಲೆಕ್ಕ ಬಿಡಿಸುವ ಮೊದಲು ಎರಡು ಸಲ ಓದಬೇಕೆಂದು ಹತ್ತೊಂಬತ್ತು ವರ್ಷ ಹುಡುಗರ ಕಿವಿ ಹಿಂಡುತ್ತ ಬಂದವರು ಇದನ್ನು ಒಂದೇ ಸಲ ಓದಿದರು. ಒಳಗಿನಿಂದ ಹೆಂಡತಿ ಶಿವಬಸವ್ವ, ಮುಂಬಯಿಯವರು ನಮಗ್ಯಾಕ ಪುಕ್ಕಟ ಕೊಡ್ತಾರ, ನಾವೇನು ಅವರ ಬೀಗರೇನ್ರಿ ಎಂದು ಕೇಳಿದಳು. ಹೆಂಗಸರಿಗೆ ವ್ಯಾಪಾರದ ಮರ್ಮ ತಿಳಿಯುವುದಿಲ್ಲವೆಂದು ಇಬ್ಬರು ಗಂಡಸರೂ ಒಪ್ಪಿಕೊಂಡರು.

ಮನಿಯಾರ್ಡರ್ ಹೋಯಿತು, ಐದು ಚೀಟಿ ಬಂದವು. ಗುಲಾಬಿ ಬಣ್ಣ, ಮೂಡುವ ಸೂರ್ಯನ ಚಿತ್ರ. ತೊಡಕು ಶುರುವಾದದ್ದು ಇಲ್ಲಿ. ಅಯ್ಯನವರ ಮನೆಯವರು ಚೀಟಿ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ಕೊಳ್ಳಿರೆನ್ನುವುದು ಹೇಗೆ? ಎಂಟು ದಿನ ಆ ಚೀಟಿಗಳು ಪಂಚಾಂಗದೊಳಗೆ ಮಲಗಿದವು. ಒಂಬತ್ತನೆಯ ದಿನ ಮಾಸ್ತರರಿಗೆ ಹೊಳೆಯಿತು: ತಾವು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ, ದಸರೆಯ ಸಂಜೆ ಎಲ್ಲರೂ ತಮ್ಮ ಬಾಗಿಲಿಗೇ ಬರುತ್ತಾರೆ. ಅಂದೇ ಮಕಬೂಲಸಾಬನಲ್ಲಿಗೆ ಹೋಗಿ ಅಂಗಿಯ ಅಳತೆ ಕೊಟ್ಟರು.

ಹಾಗೆ ಆ ದಸರೆಯ ಸಂಜೆ ಐದು ಜನಕ್ಕೆ ಬನ್ನಿಯ ಎಲೆಯ ಕೆಳಗೆ ಗುಲಾಬಿ ಚೀಟಿಯೂ ಕೈಸೇರಿತು. ಮೂವರು ಹಳೆಯ ವಿದ್ಯಾರ್ಥಿಗಳು. ಮಾಸ್ತರರು ಕೊಟ್ಟದ್ದು ಏನೆಂದು ಕೇಳುವ ಚಾಳಿ ಅವರಿಗೆ ಮೊದಲಿನಿಂದಲೂ ಇರಲಿಲ್ಲ. ನಾಲ್ಕನೆಯವನು ಮಕಬೂಲಸಾಬ. ಗಿಡ್ಡ ತೋಳಿನ ಗುಟ್ಟು ಅವನಿಗೆ ಆಗ ತಿಳಿಯಿತು. ಐದನೆಯವಳು ಹೊಳೆವ್ವ.

ಹೊಳೆವ್ವ ಹತ್ತಿರದ ಸುಳ್ಳ ಎಂಬ ಹಳ್ಳಿಯವಳು. ಒಂದು ಎಮ್ಮೆ ಕಟ್ಟಿಕೊಂಡು, ವಾರಕ್ಕೆರಡು ಸಲ ಬೆಣ್ಣೆಯ ಗಡಿಗೆ ಹೊತ್ತು ಗೋಪನಕೊಪ್ಪಕ್ಕೆ ನಡೆದು ಬರುತ್ತಿದ್ದಳು. ಮಗಳು ರುಕ್ಮವ್ವನನ್ನು ನೋಡಿ ಒಪ್ಪಿದ್ದ ವರ ರೇಲ್ವೆಯಲ್ಲಿ ಖಲಾಸಿ. ಲಗ್ನದಲ್ಲಿ ಕೈಗಡಿಯಾರ ಆಗಲೇಬೇಕೆಂದು ಅವನ ತಾಯಿಯ ಹಟ. ಹೊಳೆವ್ವನ ಚಿಂತೆ ಅದೊಂದೇ, ಅದನ್ನು ಓಣಿಗೆಲ್ಲ ಹೇಳಿದ್ದಳು. ಆದ್ದರಿಂದ ಈ ಚೀಟಿ ಅವಳಿಗೆ ಉಪಕಾರವೆಂದೇ ಮಾಸ್ತರರು ತಿಳಿದಿದ್ದರು. ಅವಳು ಚೀಟಿಯನ್ನು ತಿರುವಿ ಮುರುವಿ ನೋಡಿದಳು. ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕುಳಿತಿದ್ದರು.

“ಒಂದ ಮಾತ ಕೇಳ್ತೇನಿ ಮಾಸ್ತರ, ಸಿಟ್ಟ ಮಾಡಬ್ಯಾಡ್ರಿ,” ಎಂದಳು. “ನಾ ಐದು ಮಂದಿಗೆ ಮಾರಬೇಕು, ಅವರು ಐದೈದು ಮಂದಿಗೆ ಮಾರಬೇಕು. ಹಿಂಗ ಹೋಗಿ ಹೋಗಿ, ಕಡೀಕಿನವರು ಯಾರಿಗೆ ಮಾರಬೇಕ್ರಿ?”

“ಮಂದಿ ಹುಟ್ಟಕೋತ ಇರ್ತಾರ ಹೊಳೆವ್ವ,” ಎಂದರು ಮಾಸ್ತರರು. “ಯಾಕ, ನಿಮ್ಮ ಸುಳ್ಳದಾಗ ಹುಟ್ಟೂದು ನಿಂತೈತೇನು?”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಹೊಳೆವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಚೀಟಿಯನ್ನು ಬನ್ನಿಯೊಡನೆ ಕಣ್ಣಿಗೊತ್ತಿಕೊಂಡು, ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ಕೊಟ್ಟು, ಕಾಲು ಮುಟ್ಟಿ ಹೋದಳು. ಆ ಮಾತು ಓಣಿಯಲ್ಲಿ ಒಂದು ವಾರ ಓಡಾಡಿತು. ಮಾಸ್ತರರು ಲೆಕ್ಕದಲ್ಲಷ್ಟೇ ಅಲ್ಲ, ಮಾತಿನಲ್ಲೂ ಜಾಣರು ಎಂದು ಎಲ್ಲರಿಗೂ ಖಾತ್ರಿಯಾಯಿತು.

ಐವರೂ ಎಂಟೆಂಟು ರೂಪಾಯಿ ಕಳಿಸಿದರು. ಕಾರ್ತಿಕದಲ್ಲಿ ಗಡಿಯಾರ ಬಂದೇ ಬಂತು. ಇದನ್ನು ಒತ್ತಿ ಹೇಳಬೇಕು. ಬರದೆ ಹೋಗಿದ್ದರೆ ಮಾಸ್ತರರೂ ಉಳಿದವರಂತೆ ಮೋಸಹೋದವರಾಗಿ, ಉಳಿದವರೊಡನೆ ಕೂಡಿ ಮುಂಬಯಿಯನ್ನು ಬೈಯುತ್ತ ಸುಖವಾಗಿ ಇರಬಹುದಿತ್ತು. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತೆಂಬುದೊಂದು ಬಿಟ್ಟರೆ ಗಡಿಯಾರ ಚೆನ್ನಾಗಿತ್ತು. ಗಿಡ್ಡ ತೋಳಿನ ಕೆಳಗೆ ಥಳಥಳಿಸಿತು. ಸಾಲೆಯ ಗಂಟೆ ಅಂದಿನಿಂದ ದಿನಾಲೂ ಹತ್ತು ನಿಮಿಷ ತಡವಾಗಿ ಹೊಡೆಯಿತು.

ಮುಂದಿನ ತಿಂಗಳು ಒಂದು ಮುಂಜಾನೆ ಹೊಳೆವ್ವ ಬೆಣ್ಣೆ ಇಳಿಸಿ, ಎಂದಿನಂತೆ ಏಳದೆ ಅಲ್ಲೇ ಕುಳಿತಳು. ಐದೂ ಚೀಟಿ ಮಾರಿದ್ದಳಂತೆ. ಮೂವರು ಕಂಪನಿಗೆ ರೊಕ್ಕ ಕಳಿಸಿದ್ದರು, ಇಬ್ಬರು ಕಳಿಸಲು ಒಲ್ಲೆವೆನ್ನುತ್ತಿದ್ದರು. ಕಳಿಸಿದ ಮೂವರಿಗೆ ಬಂದ ಚೀಟಿಗಳನ್ನು ಕೊಳ್ಳುವವರೇ ಇಲ್ಲ. ಹುಬ್ಬಳ್ಳಿ ಕಡೆಯಿಂದಲೂ ಯಾರೋ ಬಂದು ಮಾರಿ ಹೋಗಿದ್ದರಿಂದ ಒಂದೊಂದು ಮನೆಯಲ್ಲಿ ಎರಡೆರಡು ಚೀಟಿ ಇದ್ದವು.

“ಸುಳ್ಳದಾಗ ಮಂದಿ ಮುಗದಾರ್ರಿ,” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆಮೇಲೆ ಅವಳ ಕಣ್ಣು ಅವರ ಕೈಯ ಮೇಲೆ ಹೋಯಿತು. “ನಿಮಗ ಬಂತಲ್ರಿ. ಛಲೋ ಆತು.”

ಮಾಸ್ತರರು ತೋಳನ್ನು ಕೆಳಗೆ ಎಳೆದುಕೊಂಡರು. ತೋಳು ಎರಡು ಬೆರಳು ಗಿಡ್ಡವಾಗಿತ್ತು. ಇನ್ನೊಮ್ಮೆ ಎಳೆದರು. ಹೊಲಿಗೆ ಚುರ್ ಎಂದಿತೇ ಹೊರತು ಗಡಿಯಾರ ಮುಚ್ಚಲಿಲ್ಲ. ಕಡೆಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸ್ವಲ್ಪ ತಾಳ್ಮೆ ಇರಲಿ, ಕಂಪನಿ ದೊಡ್ಡದು, ದೊಡ್ಡವರ ಕೆಲಸ ತಡ ಎಂದರು. ಹೊಳೆವ್ವ ಹೂಂ ಎಂದು ಎದ್ದು ಹೋದಳು.

ಅಂದು ಸಾಲೆಯಲ್ಲಿ ಹುಡುಗರಿಗೆ ಬೇರೇನೋ ಬರೆಯಲು ಹಚ್ಚಿ, ಮಾಸ್ತರರು ಹಲಗೆಯ ಮೂಲೆಯಲ್ಲಿ ಆ ಲೆಕ್ಕವನ್ನು ಎರಡನೆಯ ಸಲ ಓದಿದರು. ಐದು. ಐದೈದಲೆ ಇಪ್ಪತ್ತೈದು. ನೂರಾ ಇಪ್ಪತ್ತೈದು. ಆರುನೂರಾ ಇಪ್ಪತ್ತೈದು. ಎಂಟನೆಯ ಸಾಲಿಗೆ ಬರುವಷ್ಟರಲ್ಲಿ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಂತು. ಹುಬ್ಬಳ್ಳಿ ಧಾರವಾಡಗಳೆರಡನ್ನೂ ಕೂಡಿಸಿ, ತೊಟ್ಟಿಲ ಕೂಸುಗಳನ್ನು ಹಿಡಿದರೂ ಅಷ್ಟು ಮಂದಿ ಇರಲಿಲ್ಲ. ಒಬ್ಬನ ಕೈಗೆ ಗಡಿಯಾರ ಬರಬೇಕಾದರೆ ಐವರು ಕಾಯಬೇಕು, ಆ ಐವರಿಗೆ ಬರಬೇಕಾದರೆ ಇಪ್ಪತ್ತೈದು ಮಂದಿ. ಯಾವಾಗ ನಿಂತರೂ ಕೊನೆಯ ಸಾಲಿನವರೇ ಎಲ್ಲರಿಗಿಂತ ಹೆಚ್ಚು, ಅವರಿಗೆ ಏನೂ ಇಲ್ಲ. ಮೇಲಿನ ಸಾಲಿನವರ ಗಡಿಯಾರ ಮುಂಬಯಿಯಿಂದ ಬಂದದ್ದಲ್ಲ, ಕೆಳಗಿನ ಸಾಲಿನವರ ಗಂಟಿನಿಂದ ಬಂದದ್ದು. ನಾಲ್ಕನೆಯ ಇಯತ್ತೆಯ ಲೆಕ್ಕ. ಬೆಣ್ಣೆ ಮಾರುವವಳು ಹಲಗೆಯಿಲ್ಲದೆ ಬಿಡಿಸಿದ್ದಳು. ಅವಳಿಗೆ ಕೊಟ್ಟ ಉತ್ತರ ನೆನಪಾಗಿ ಮಾಸ್ತರರ ಕಿವಿ ಕಾದವು. ಹಲಗೆಯನ್ನು ಅಂಗೈಯಿಂದಲೇ ಒರೆಸಿದರು.

ಸಂಜೆ ರಮಾಕಾಂತನಲ್ಲಿಗೆ ಹೋದರು. ಅವನು ಏನನ್ನೂ ಅಲ್ಲಗಳೆಯಲಿಲ್ಲ. “ನನಗ ಬಂತು, ನಿನಗ ಬಂತು,” ಎಂದ. “ನಾವು ಏಣೀ ಮ್ಯಾಲಿನ ಪಾವಟಿಗಿ ಮ್ಯಾಲೆ ಇದ್ದಿವಿ. ಅದಕ್ಯಾಕ ಮಾರಿ ಸಣ್ಣ ಮಾಡ್ತೀ?” ಕಂಪನಿಗೆ ಮಾಸ್ತರರು ಬರೆದ ಪತ್ರ, ಈ ವಿಳಾಸದಲ್ಲಿ ಇಂಥವರಿಲ್ಲ ಎಂಬ ಮುದ್ರೆಯೊಡನೆ ತಿರುಗಿ ಬಂತು.

ಹೇಳಬೇಕಾಗಿದ್ದದ್ದು ಒಂದೇ ಮಾತು: ತಪ್ಪಾಯಿತು, ಲೆಕ್ಕ ನೋಡದೆ ಕೊಟ್ಟೆ. ಅದನ್ನು ಮಾಸ್ತರರು ಮುಂದಿನ ಸಲ ಹೊಳೆವ್ವ ಬಂದಾಗ ಹೇಳುವುದೆಂದು ನಿಶ್ಚಯಿಸಿದರು. ಬಂದಳು, ಹೇಳಲಿಲ್ಲ. ಅದರ ಮುಂದಿನ ಸಲ ಸಾಲೆಗೆ ಬೇಗ ಹೋಗಬೇಕಾಗಿತ್ತು. ಸಂಕ್ರಾಂತಿಯಾದ ಮೇಲೆ ಅವಳು ಬರುವುದೇ ನಿಂತಿತು. ಸಿಟ್ಟಾಗಿದ್ದಾಳೆ ಎಂದುಕೊಂಡರು. ಸಿಟ್ಟು ತಾನಾಗಿ ಇಳಿಯುತ್ತದೆ ಎಂದೂ ಅಂದುಕೊಂಡರು. ಗಡಿಯಾರವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಬರಿಯ ಕೈಯ ಗಿಡ್ಡ ತೋಳನ್ನು ಕಂಡವರಿಗೆಲ್ಲ ಗಡಿಯಾರ ನೆನಪಾಗತೊಡಗಿತು.

ಮುಂದಿನ ದಸರೆಗೆ ಕಟ್ಟೆಯ ಮೇಲೆ ಜಮಖಾನೆ ಹಾಸಿ, ಬನ್ನಿಯ ಬುಟ್ಟಿ ಇಟ್ಟುಕೊಂಡು ಕುಳಿತರು. ಮಕಬೂಲಸಾಬ ಮತ್ತು ಹಳೆಯ ವಿದ್ಯಾರ್ಥಿಗಳ ಕೈಯಿಂದ ಹೋದ ಚೀಟಿಗಳೂ ಇಷ್ಟರಲ್ಲಿ ಊರ ಮನೆಮನೆಯ ರೊಕ್ಕ ನುಂಗಿ ಕುಳಿತಿದ್ದವು. ಬಂದವರು ಒಂಬತ್ತು ಮಂದಿ. ಉಳಿದವರು ಜಗಳವಾಡಿದವರಲ್ಲ, ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುವವರೇ. ಆ ಸಂಜೆ ಮಾತ್ರ ಬೇರೆ ಓಣಿಯಿಂದ ಹಾಯ್ದುಹೋದರು. ಬುಟ್ಟಿ ತುಂಬಿಯೇ ಇತ್ತು. ಶಿವಬಸವ್ವ ಅದನ್ನು ಹಾಗೇ ಒಳಗೆ ಒಯ್ದಳು.

ಮರುದಿನ ಬೆಳಗ್ಗೆ ಶಾಂತಯ್ಯ ಮಾಸ್ತರರು ಹಿಂದೆ ಎಂದೂ ಮಾಡದ್ದನ್ನು ಮಾಡಿದರು. ಒಂದು ಹಿಡಿ ಬನ್ನಿ ತೆಗೆದುಕೊಂಡು, ಗಡಿಯಾರವನ್ನು ಕಿಸೆಗೆ ಹಾಕಿಕೊಂಡು, ಸುಳ್ಳದ ಹಾದಿ ಹಿಡಿದರು. ಬನ್ನಿಯ ಜೊತೆಗೆ ಗಡಿಯಾರವನ್ನೂ ಅವಳ ಕೈಗಿಟ್ಟು, ರುಕ್ಮವ್ವನ ಲಗ್ನಕ್ಕೆ ಇರಲಿ ಎನ್ನಬೇಕು. ದಾರಿಯುದ್ದಕ್ಕೂ ಆ ವಾಕ್ಯವನ್ನು ತಿದ್ದಿದರು. ಎದುರು ಬಂದವರು, ಅಯ್ಯನವರು ಬನ್ನಿ ಹಿಡಿದು ಎಲ್ಲಿಗೆ ಎಂದು ನಿಂತು ನೋಡಿದರು.

ಹೊಳೆವ್ವನ ಮನೆಯ ಮುಂದೆ ಎಮ್ಮೆ ಕಟ್ಟುವ ಗೂಟ ಬರಿದಾಗಿತ್ತು. ಅವಳು ಗಾಬರಿಯಾಗಿ ಹೊರಗೆ ಬಂದು, ಕಂಬಳಿ ಹಾಸಿ, ನೀರು ಕೊಟ್ಟಳು. ಎಮ್ಮೆ ಎಲ್ಲಿ ಎಂದು ಕೇಳಿದರು.

“ಮಾರಿದ್ವಿರಿ. ವೈಶಾಖದಾಗ ರುಕ್ಮವ್ವನ ಲಗ್ನಾ ಆತು. ಅಳಿಯಗ ಗಡಿಯಾರ ತಂದ್ವಿ,” ಎಂದಳು. “ಉಳದದ್ದು ಆ ಐದು ಮನಿಗೆ ತಿರಗಿ ಕೊಟ್ಟೆ. ನನ್ನ ಮಾತ ಕೇಳಿ ತೊಗೊಂಡಿದ್ರು. ಊರಾಗ ನಾ ತಿರಗ್ಯಾಡಬೇಕಲ್ರಿ.”

ಬೆಣ್ಣೆ ನಿಂತದ್ದು ಸಿಟ್ಟಿನಿಂದಲ್ಲ. ಅವಳು ತನ್ನ ಐದು ಮನೆಗೆ ಮಾಡಿದ್ದನ್ನು ತಾವು ತಮ್ಮ ಐದು ಜನಕ್ಕೆ ಮಾಡಬಹುದೆಂದು ಮಾಸ್ತರರಿಗೆ ಒಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ತಿದ್ದಿಕೊಂಡು ಬಂದ ವಾಕ್ಯದಲ್ಲಿ ಒಂದು ಪದವೂ ಉಳಿಯಲಿಲ್ಲ. ಎದ್ದು ನಿಂತು ಬನ್ನಿ ಚಾಚಿದರು.

ಹೊಳೆವ್ವ ಎರಡೂ ಕೈ ಒಡ್ಡಿದವಳು ಹಾಗೇ ತಡೆದಳು. ಅವಳ ಕಣ್ಣು ಗಿಡ್ಡ ತೋಳಿನ ಮೇಲೆ ಹೋಗಿ ತಿರುಗಿ ಎಲೆಯ ಮೇಲೆ ಬಂತು.

“ಇದರ ಸಂಗಡ ಮತ್ತೇನರ ಐತೇನ್ರಿ ಮಾಸ್ತರ?”

ಕಿಸೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವರಿಗೆ ಕೇಳುತ್ತಿತ್ತು, ಅವಳಿಗೂ ಕೇಳಿಸಿರಬೇಕು.

“ಏನಿಲ್ಲವ್ವ,” ಎಂದರು. “ಬರೇ ಬನ್ನಿ.”

ಅವಳು ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಕಾಲು ಮುಟ್ಟಲು ಬಾಗಿದಾಗ ಮಾಸ್ತರರು ಹಿಂದೆ ಸರಿದರು.

ಆ ವಾರ ಹುಬ್ಬಳ್ಳಿಯಲ್ಲಿ ಗಡಿಯಾರ ಹದಿನಾಲ್ಕು ರೂಪಾಯಿಗೆ ಹೋಯಿತು. ಕಡಿಮೆ ಬಿದ್ದದ್ದನ್ನು ಪಗಾರದಿಂದ ಹಾಕಿ ಮಾಸ್ತರರು ಐವರಿಗೂ ಹತ್ತು ಹತ್ತು ರೂಪಾಯಿ ತಿರುಗಿ ಕೊಟ್ಟರು. ಹೊಳೆವ್ವನದನ್ನು ಮನಿಯಾರ್ಡರ್ ಮಾಡಿದರು. ಎಡತೋಳನ್ನು ಉದ್ದ ಮಾಡಲು ಬಟ್ಟೆಯಿರಲಿಲ್ಲ. ಮಕಬೂಲಸಾಬ ಬಲತೋಳನ್ನೂ ಎರಡು ಬೆರಳು ಗಿಡ್ಡ ಮಾಡಿದ.