ಪಾಲಕರ ಸಹಿ

ಹಿಡಿದ ಸಾಲು ಇನ್ನೂ ಅರ್ಧ ಉಳಿದಿರುವಾಗಲೇ ನೀಲಕಂಠಪ್ಪ ಎದ್ದು, ಉಡಿಯೊಳಗಿನ ಹೆಸರುಕಾಯಿಯನ್ನು ಚೀಲಕ್ಕೆ ಸುರಿದ. ಶ್ರಾವಣ ಮುಗಿಯುತ್ತ ಬಂದಿತ್ತು. ಎರೆಹೊಲದಲ್ಲಿ ಕಾಯಿ ಕರ್ರಗಾಗಿ ಮುಟ್ಟಿದರೆ ಸಿಡಿಯುವಂತಿದ್ದವು. ಬೆಳಗಿನ ಏಳಕ್ಕೆ ಬಾಗಿದ ಹೆಣ್ಣಾಳುಗಳು ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಇಂಥ ದಿನ ಹೊಲ ಬಿಟ್ಟು ಹೊರಟ ಗಂಡಸನ್ನು ಉಪ್ಪಿನಬೆಟಗೇರಿಯಲ್ಲಿ ಯಾರೂ ಸುಮ್ಮನೆ ಕಳಿಸುವುದಿಲ್ಲ. ಎತ್ತಾಗ ಹೊಂಟ್ರಿ ಯಜಮಾನ್ರ ಎಂದು ಒಬ್ಬಳು ಕೇಳಿಯೇಬಿಟ್ಟಳು. ಮಗನ ಕಾಲೇಜಿಗೆ, ಸಹಿ ಮಾಡಲು ಎಂದು ಅವನು ಹೇಳಿದ. ಹೇಳಿದ್ದರಲ್ಲಿ ತುಸು ಬಿಂಕವಿತ್ತು.

ಅಮರೇಶ ಬದುವಿನ ಮೇಲೆ ನಿಂತು ಅಪ್ಪನ ಆ ಬಿಂಕವನ್ನು ಕೇಳಿಸಿಕೊಂಡ. ಅದು ಅವನಿಗೆ ಬೇಕಿರಲಿಲ್ಲ.

ಅವನದು ಬಿಎಸ್ಸಿ ಎರಡನೆಯ ವರ್ಷ. ಹುಬ್ಬಳ್ಳಿಯ ಕಾಲೇಜು ಬಿಟ್ಟು ಧಾರವಾಡದ ಕಾಲೇಜಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿದ್ದ. ಧಾರವಾಡದವರು ಸೀಟು ಕೊಡಲು ಒಪ್ಪಿದ್ದರು. ಹುಬ್ಬಳ್ಳಿಯವರು ನಮ್ಮ ಅಭ್ಯಂತರವಿಲ್ಲ ಎಂದು ಬರೆದುಕೊಡಬೇಕಿತ್ತು. ಅದಕ್ಕೆ ಇವತ್ತೇ ಕೊನೆಯ ದಿನ. ಕಾಲೇಜಿನ ಕ್ಲರ್ಕ್ ಶಾಹೀನ ಮೇಡಂ ನಿನ್ನೆ ಸಂಜೆ ಫೋನ್ ಮಾಡಿ, ಮನೆಯ ಹಿರಿಯರೊಬ್ಬರು ಬಂದು ತಮ್ಮೆದುರಿಗೆ ಸಹಿ ಮಾಡದಿದ್ದರೆ ಕಾಗದ ಮುಂದಕ್ಕೆ ಹೋಗುವುದಿಲ್ಲ ಎಂದಿದ್ದರು.

ಮನೆಯಲ್ಲಿ ಅವನು ಹೇಳಿದ ಕಾರಣ ಬಸ್ಸು. ಹುಬ್ಬಳ್ಳಿಗಾದರೆ ಎರಡು ಬಸ್ಸು ಹತ್ತಬೇಕು, ಧಾರವಾಡಕ್ಕೆ ಒಂದೇ. ಅರ್ಜಿಯಲ್ಲಿ ಬರೆದ ಕಾರಣ ಬೇರೆ. ನಿಜವಾದ ಕಾರಣ ಬರೆಯಲು ಯಾವ ಅರ್ಜಿಯಲ್ಲೂ ಜಾಗವಿರಲಿಲ್ಲ.

ಜುಲೈನಲ್ಲಿ ಒಂದು ದಿನ ಬಸ್ಸು ತಡವಾಗಿತ್ತು. ಅವನು ಬಾಗಿಲಿಗೆ ಬಂದಾಗ ಪಾಠ ನಡೆದಿತ್ತು. ಒಳಗೆ ಎಂಬತ್ತು ತಲೆಗಳು. ಬರ್ಲೇನ್ರಿ ಸರ್ ಎಂದು ಕೇಳಬೇಕು, ಎಂಬತ್ತೂ ತಿರುಗಬೇಕು. ಅವನು ಹಿಂದಿರುಗಿದ. ಮರುದಿನ ಹೋದರೆ ನಿನ್ನೆ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ. ಅದರ ಮರುದಿನ ಎರಡು ದಿನದ್ದನ್ನು ಕೇಳುತ್ತಾರೆ. ಯಾರೂ ಏನೂ ಕೇಳಲಿಕ್ಕಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅದು ಇನ್ನೂ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಹೀಗೆ ಐದು ವಾರ ಅವನು ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಟು, ಉಣಕಲ್ ಕೆರೆಯ ದಂಡೆಯಲ್ಲಿ ಹೊತ್ತು ಕಳೆದು, ಸಂಜೆಯ ಬಸ್ಸಿಗೆ ಮನೆಗೆ ಬಂದಿದ್ದ. ಒಂದು ದಿನದ ಗೈರುಹಾಜರಿಗಾದರೆ ಜ್ವರ ಸಾಕಿತ್ತು. ಐದು ವಾರಕ್ಕೆ ಏನಾದರೂ ದೊಡ್ಡದೇ ಆಗಬೇಕಿತ್ತು.

ದೊಡ್ಡದನ್ನು ಹುಡುಕಿ ಕೊಟ್ಟವನು ಮುರುಗೆಪ್ಪ. ಎಂದೋ ಊರು ಬಿಟ್ಟು ಹೋದ ಡಾಕ್ಟರೊಬ್ಬರ ಹತ್ತಿರ ಕಂಪೌಂಡರನಾಗಿದ್ದ ಅವನ ಟ್ರಂಕಿನಲ್ಲಿ ಅವರ ಹೆಸರಿನ ಖಾಲಿ ಹಾಳೆಗಳು ಉಳಿದಿದ್ದವು. ರೋಗ ಯಾರಿಗೆ ಬರಬೇಕು ಎಂದು ಕೇಳಿದ. ಅಪ್ಪನಿಗೆ, ಎಂದ ಅಮರೇಶ. ಮುರುಗೆಪ್ಪ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು ಯೋಚಿಸಿದ.

"ಜ್ವರಾ ಬ್ಯಾಡೋ ತಮ್ಮಾ, ಅದು ಇಳೀತೈತಿ. ಲಕ್ವಾ ಹಾಕೂಣು. ಎಡಗೈ, ಎಡಗಾಲು. ಅದು ಲಗೂ ಆರಾಮ ಆಗಂಗಿಲ್ಲ, ಯಾರೂ ಮತ್ತ ಕೇಳಾಕ ಬರಂಗಿಲ್ಲ."

ಹೀಗೆ ಗೈರುಹಾಜರಿ ಶುರುವಾದ ತಾರೀಖಿನಿಂದ ನೀಲಕಂಠಪ್ಪ ಕಾಗದದ ಮೇಲೆ ಹಾಸಿಗೆ ಹಿಡಿದಿದ್ದ. ಅವನನ್ನು ನೋಡಿಕೊಳ್ಳಲು ಒಬ್ಬನೇ ಮಗ.

ಹಾಸಿಗೆ ಹಿಡಿದವನು ಈಗ ಬಿಳೀ ಅಂಗಿ ತೊಟ್ಟು, ಬಸ್ಸಿನ ಕಿಟಕಿ ಪಕ್ಕ ಕೂತು, ಹೊಲಹೊಲದ ಬೆಳೆಗೆ ಬೆಲೆ ಕಟ್ಟುತ್ತ ಬರುತ್ತಿದ್ದ. ಅವನಿಗೆ ಇದನ್ನು ಹೇಳಲು ಒಂದೂವರೆ ತಾಸು ವೇಳೆಯಿತ್ತು. ಧಾರವಾಡ ಬರಲಿ ಎಂದುಕೊಂಡ ಅಮರೇಶ. ಧಾರವಾಡದಲ್ಲಿ ಹುಬ್ಬಳ್ಳಿಯ ಚಿಗರಿ ಬಸ್ ಹತ್ತುವ ಗಡಿಬಿಡಿ. ನವನಗರ ದಾಟಲಿ ಎಂದುಕೊಂಡ. ಬಸ್ಸಿನೊಳಗಿನ ತಂಪಿಗೆ ಅಪ್ಪ ಖುಷಿಯಾಗಿ ಕಣ್ಣು ಮುಚ್ಚಿದ್ದ. ಉಣಕಲ್ ಬಂದಾಗ ಅಮರೇಶನೇ ಮುಖ ಆಚೆ ತಿರುಗಿಸಿದ. ಸಹಿ ಮಾಡಲು ಎಷ್ಟು ಹೊತ್ತು ಬೇಕು? ಅಪ್ಪ ಕೂತು, ಬರೆದು, ಎದ್ದುಬಿಟ್ಟರೆ ಏನೂ ಕೇಳುವ ಪ್ರಸಂಗವೇ ಬರುವುದಿಲ್ಲ. ಅಡ್ಮಿಶನ್ ದಿನ ಅಪ್ಪ ಗೇಟಿನ ಹೊರಗೇ ನಿಂತಿದ್ದ. ಇಲ್ಲಿ ಅವನ ಮುಖ ಕಂಡವರಿರಲಿಲ್ಲ.

ಶಾಹೀನ ಮೇಡಂ ಇಬ್ಬರಿಗೂ ಕುರ್ಚಿ ತೋರಿಸಿ ಫೈಲು ಬಿಚ್ಚಿದರು. ಅವರು ಒಳ್ಳೆಯ ಹೆಂಗಸು. ಕಟ್ಟಡದಲ್ಲೆಲ್ಲ ಅವರೊಬ್ಬರೇ ಅವಸರವಿಲ್ಲದೆ ಮಾತಾಡುವವರು. ಈ ಹುಡುಗ ಐದು ವಾರದಿಂದ ತರಗತಿಗೆ ಕಾಲಿಟ್ಟಿಲ್ಲ, ಆದರೆ ಕಾರಣ ಅಂಥದಿರುವಾಗ ಪ್ರಿನ್ಸಿಪಾಲರು ಅಡ್ಡ ಬರಲಿಕ್ಕಿಲ್ಲ ಎಂದು ಹೇಳಿ, ಸರ್ಟಿಫಿಕೇಟನ್ನು ಕನ್ನಡದಲ್ಲಿ ಮೆತ್ತಗೆ ಓದಿದರು. ತಂದೆ ನೀಲಕಂಠಪ್ಪನಿಗೆ ಲಕ್ವಾ. ಎಡಭಾಗ ಪೂರ್ತಿ ಹೋಗಿದೆ. ಮಗ್ಗುಲು ಬದಲಿಸಲಿಕ್ಕೂ ಮಗನೇ ಬೇಕು. ಓದಿ ಮುಗಿಸಿ, ಕುರ್ಚಿಯ ತುದಿಯಲ್ಲಿ ಕೂತವನ ಕಡೆ ನೋಡಿದರು.

"ನೀವು ಇವಂಗ ಏನಾಗಬೇಕ್ರಿ?"

ಮೇಜಿನ ಗಾಜಿನ ಕೆಳಗೆ ಯಾರದೋ ಮದುವೆಯ ಫೋಟೋ ಇತ್ತು. ಅಮರೇಶ ಆ ಮದುಮಗನನ್ನೇ ನೋಡುತ್ತ ಕೂತ. ನೀಲಕಂಠಪ್ಪ ಮೊಣಕಾಲ ಮೇಲಿದ್ದ ತನ್ನ ಎಡಗೈಯನ್ನು, ಬೇರೆಯವರದ್ದೇನೋ ಅಲ್ಲಿ ಮರೆತು ಹೋಗಿದೆ ಎಂಬಂತೆ, ಒಂದು ಕ್ಷಣ ನೋಡಿದ.

"ಕಾಕಾ ಆಗಬೇಕ್ರಿ," ಎಂದ. "ಅವರ ತಮ್ಮ ನಾನು."

ಅಮರೇಶನಿಗೆ ಹಾಯೆನಿಸಿತು. ಮೊದಲು ಬಂದದ್ದು ಆ ಸುಖ. ನಾಚಿಕೆ ಬರಬೇಕಾಗಿತ್ತು ಎಂಬುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಶಾಹೀನ ಮೇಡಂ ತಮ್ಮ ಅಬ್ಬಾನೂ ಎರಡು ವರ್ಷ ಹೀಗೇ ಮಲಗಿದ್ದರೆಂದು ಹೇಳತೊಡಗಿದ್ದರು. ಯಾವ ಎಣ್ಣೆ ತಿಕ್ಕಬೇಕು, ಬೆನ್ನು ಹುಣ್ಣಾಗದ ಹಾಗೆ ಹೇಗೆ ಮಲಗಿಸಬೇಕು ಎಲ್ಲ ತಿಳಿಸಿದರು. ನೀಲಕಂಠಪ್ಪ ಮೈಯೆಲ್ಲ ಕಿವಿಯಾಗಿ ಕೇಳಿದ. ತಿಳಿಯದಲ್ಲಿ ಮತ್ತೊಮ್ಮೆ ಕೇಳಿ ತಿಳಿದುಕೊಂಡ.

"ಈಗ ಹೆಂಗ ಅದಾರ್ರಿ ನಿಮ್ಮಣ್ಣಾರು?"

"ಹಂಗ ಅದಾನ್ರಿ. ಉಣ್ಣಿಸಿದ್ರ ಉಣತಾನ."

"ಮಾತಾಡ್ತಾರೇನ್ರಿ?"

"ಮಾತು ಐತ್ರಿ. ಆಡಂಗಿಲ್ಲ."

"ಹುಡುಗ ಛಲೋತ್ನಾಗಿ ನೋಡ್ಕೋತಾನಲ್ರಿ?"

ನೀಲಕಂಠಪ್ಪ ಆ ಕೋಣೆಗೆ ಬಂದ ಮೇಲೆ ಮೊದಲ ಸಲ ಅಮರೇಶನ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ.

"ಎಲ್ಲಾ ಇವನ ಮಾಡ್ತಾನ್ರಿ," ಎಂದ. "ಅಣ್ಣಗ ಅದು ಗೊತ್ತಾಗಂಗಿಲ್ಲ."

ಶಾಹೀನ ಮೇಡಂ ಕಣ್ಣು ಒರೆಸಿಕೊಂಡು ಕಾಗದವನ್ನು ಮುಂದೆ ಸರಿಸಿದರು. ಆಧಾರ ಕಾರ್ಡು ಕೇಳಲಿಲ್ಲ. ಇಂಥ ಮನೆಯವರಿಂದ ಅದನ್ನೆಲ್ಲ ಏನು ಕೇಳುವುದು ಎನ್ನುವಂತಿತ್ತು ಅವರ ಮುಖ. ಪಾಲಕರ ಸಹಿ ಎಂದಿದ್ದಲ್ಲಿ ನೀಲಕಂಠಪ್ಪ ಒಂದೊಂದೇ ಅಕ್ಷರ ಕೂಡಿಸಿ ಗುರುಪಾದ ಎಂದು ಬರೆದ. ಅವನಿಗೆ ಅಣ್ಣ ತಮ್ಮಂದಿರು ಇರಲಿಲ್ಲ. ಆ ಹೆಸರಿನವರು ಅವರ ಮನೆತನದಲ್ಲೇ ಯಾರೂ ಇರಲಿಲ್ಲ. ಅವನ ದಿನದ ಸಹಿ ಅವಸರದಲ್ಲಿ ಎಳೆದ ಒಂದು ಗೀಟು. ಈ ಸಹಿ ದುಂಡಗೆ, ಸಾವಕಾಶವಾಗಿ ಬಂದಿತ್ತು.

ಪ್ರಿನ್ಸಿಪಾಲರು ಮತ್ತೊಬ್ಬರ ಜೊತೆ ಮಾತಾಡುತ್ತಲೇ ಸಹಿ ಹಾಕಿ, ಪೇಶಂಟನ್ನು ಒಮ್ಮೆ ದೊಡ್ಡ ದವಾಖಾನೆಗೆ ತೋರಿಸಲು ಹೇಳಿದರು. ತೋರಸ್ತೇವ್ರಿ, ಎಂದ ನೀಲಕಂಠಪ್ಪ.

ಹೊರಗೆ ಬರುವ ದಾರಿಯಲ್ಲಿ ಆ ತರಗತಿಯೇ ಸಿಕ್ಕಿತು. ಬಾಗಿಲು ತೆರೆದಿತ್ತು. ಪಾಠ ನಡೆದಿತ್ತು. ಅಮರೇಶ ಬೇಕೆಂದೇ ನಿಂತು ನೋಡಿದ. ಯಾರೂ ತಿರುಗಲಿಲ್ಲ. ನೋಟ್ಸ್ ಬರೆದುಕೊಳ್ಳುತ್ತಿದ್ದರು. ಇಷ್ಟೇ ಏನು ಇದು ಎನಿಸಿ ಅವನಿಗೆ ನಗು ಬಂತು.

ಧಾರವಾಡದ ಕಾಲೇಜಿನ ಖಿಡಕಿಯಲ್ಲಿ ಐದು ನಿಮಿಷವೂ ಆಗಲಿಲ್ಲ. ಕಾಗದ ಇಸಿದುಕೊಂಡವನು ಠಸ್ಸೆ ಒತ್ತಿ ರಶೀದಿ ಹರಿದುಕೊಟ್ಟು, ನಾಳೆಯಿಂದ ಕ್ಲಾಸಿಗೆ ಬಾ ಎಂದ. ಅಮರೇಶನಿಗೆ ಎಷ್ಟೋ ದಿನದ ಮೇಲೆ ಹಸಿವೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಗಿರಮಿಟ್ ತಿಂದ. ಮೆಣಸಿನಕಾಯಿ ಕಚ್ಚಿ ಮೂಗು ಸೋರಿತು. ಅದೂ ಹಿತವಾಗಿತ್ತು. ಅಪ್ಪ ಬೇಡವೆಂದು ಕೈಯಾಡಿಸಿ, ಬಲಗೈಯಿಂದಲೇ ಲೋಟ ಎತ್ತಿ ಚಹಾ ಕುಡಿದ.

ಊರಿನ ಬಸ್ಸು ಖಾಲಿ ಇತ್ತು. ನೀಲಕಂಠಪ್ಪ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದ.

"ಬುತ್ತಿ ಎಲ್ಲಿ ಉಣತಿದ್ದಿ?"

ಅಮರೇಶ ಬೈಗುಳಕ್ಕೆ ತಯಾರಾಗಿದ್ದ, ಏಟಿಗೂ ತಯಾರಾಗಿದ್ದ. ಇದಕ್ಕಲ್ಲ.

"ಉಣಕಲ್ ಕೆರಿ ದಂಡಿಮ್ಯಾಲ."

"ನೆರಳು ಐತೇನು ಅಲ್ಲಿ?"

"ಐತಿ."

"ನೀರು?"

"ಬಾಟ್ಲಿ ಒಯ್ತಿದ್ನಿ."

ನೀಲಕಂಠಪ್ಪ ತಲೆಯಾಡಿಸಿದ. ಇಷ್ಟು ತಿಳಿದರೆ ಸಾಕೆನ್ನುವ ಹಾಗೆ ಕಿಟಕಿಯ ಕಡೆ ತಿರುಗಿದ. ಮಾತು ಮುಗಿಯಿತೆಂದು ಅಮರೇಶ ಕಾಲು ಚಾಚಿ ಕೂತ.

"ಇದನ್ನೆಲ್ಲಾ ನಿಮ್ಮಪ್ಪಗ ಹೇಳಾಕ ಹೋಗಬ್ಯಾಡ," ಎಂದ ನೀಲಕಂಠಪ್ಪ. "ಮೊದಲ ಆರಾಮಿಲ್ಲ ಅಂವಗ."

ಅಮರೇಶ ನಕ್ಕ. ಅಪ್ಪನೂ ನಗುತ್ತಾನೆಂದು ಕಾದ. ಅಪ್ಪನ ಮುಖದಲ್ಲಿ ಹಾಸ್ಯವಿರಲಿಲ್ಲ. ರೋಗಿಯ ಮನೆಗೆ ಬಂದು ಹೋಗುವ ನೆಂಟರ ಮುಖದಲ್ಲಿರುವಂಥ, ತನಗೆ ನೇರವಾಗಿ ತಟ್ಟದ ಒಂದು ಕಾಳಜಿ ಇತ್ತು. ತಪ್ಪಾತು ಎಂದುಬಿಡಬೇಕಿತ್ತು. ಒಂದೇ ಮಾತು. ಮುಂದಿನ ಸ್ಟಾಪಿಗೆ ಹೇಳೋಣ ಎಂದುಕೊಂಡ. ಸ್ಟಾಪು ಬಂತು, ಹೋಯಿತು. ಇನ್ನೊಂದೂ ಹೋಯಿತು. ಆ ಮಾತು ಬಾಕಿ ಉಳಿಯಿತು. ಉಳಿದದ್ದು ಅಷ್ಟೊಂದು ಭಾರವೆನಿಸಲಿಲ್ಲ. ಕಿಸೆಯಲ್ಲಿ ರಶೀದಿ ಇತ್ತು.

ಮನೆಗೆ ಬಂದಾಗ ನಾಲ್ಕಾಗಿತ್ತು. ಅವ್ವ ಕಾಳವ್ವ ಆಳುಗಳ ಜೊತೆ ಇನ್ನೂ ಹೊಲದಲ್ಲಿದ್ದಳು. ಮೂರು ದಿನ ಬಿಡಿಸಿದ ಕಾಯಿ ಅಂಗಳದ ತುಂಬ ಒಣಗಲು ಬಿದ್ದಿತ್ತು. ನೀಲಕಂಠಪ್ಪ ಅಂಗಿಯನ್ನು ಗೂಟಕ್ಕೆ ಹಾಕಿ, ಹೊಲದ ಕಡೆ ಹೋಗದೆ, ಪಡಸಾಲೆಯ ಮಂಚದ ಮೇಲೆ ಅಡ್ಡಾದ. ಅವನು ಹಗಲು ಮಲಗಿದ್ದನ್ನು ಅಮರೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದಣಿವಿರಬೇಕು ಎಂದುಕೊಂಡ. ಎಡಗೈ ಮಂಚದ ಹೊರಗೆ ಜೋತಿತ್ತು.

ಅವನು ಒಳಗೆ ಹೋಗಿ ರಶೀದಿಯನ್ನು ಪುಸ್ತಕದೊಳಗಿಟ್ಟ. ನಾಳೆಗೆ ಅಂಗಿ ಆರಿಸಿದ. ಹೊಸ ಕಾಲೇಜು, ಹೊಸ ಮುಖಗಳು. ಮೊದಲ ದಿನ ಮೊದಲೇ ಹೋಗಿ ಕೂತರೆ ಆಯಿತು, ಬಾಗಿಲಲ್ಲಿ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಎದೆ ಎಷ್ಟು ಹಗುರವಾಗಿತ್ತೆಂದರೆ ಅದರೊಳಗೆ ಏನೂ ಇದ್ದಂತೆಯೇ ಅನಿಸಲಿಲ್ಲ.

ಇದ್ದಕ್ಕಿದ್ದಂತೆ ಮನೆ ಕತ್ತಲಾಯಿತು. ಹೊರಗೆ ಓಡಿ ಬಂದ. ಪಡುವಣದಿಂದ ಮೋಡ ಏರಿ ಬಂದಿತ್ತು, ದಪ್ಪ ಹನಿ ಒಂದೊಂದಾಗಿ ಕಾಯಿಯ ಮೇಲೆ ಬೀಳುತ್ತಿತ್ತು. ಕಾಯಿ ಮುಚ್ಚಲು ಮೂಲೆಯ ತಾಡಪತ್ರಿಯನ್ನು ಎಳೆದು ತಂದು ಬಿಚ್ಚಿದ. ಈ ತುದಿ ಹಿಡಿದರೆ ಆ ತುದಿ ಗಾಳಿಗೆ ಏಳುತ್ತಿತ್ತು, ಆ ತುದಿಗೆ ಓಡಿದರೆ ಈ ತುದಿ ಮಡಚಿಕೊಳ್ಳುತ್ತಿತ್ತು. ಇಬ್ಬರ ಕೆಲಸ ಅದು. ಮಂಚದ ಮೇಲಿದ್ದವನು ಗೋಡೆಗೆ ಮುಖ ಮಾಡಿದ್ದ.

ಅಮರೇಶನಿಗೆ ಆಗ ಗೊತ್ತಾಯಿತು, ಆಫೀಸಿನಿಂದ ಹೊರಬಿದ್ದ ಮೇಲೆ ತಾನು ಅವನನ್ನು ಏನೆಂದೂ ಕರೆದಿರಲಿಲ್ಲ.

"ಅಪ್ಪಾ," ಎಂದು ಕೂಗಿದ.

ಹನಿ ಜೋರಾಯಿತು. ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ ಕೂಗಿದ.

ಮಂಚದ ಮೇಲಿದ್ದವನಿಗೆ ಕೇಳಿಸಿತು. ಅವನು ಬಲಗೈ ಊರಿ ಎದ್ದು ಕೂತ. ಅಂಗಳವನ್ನು, ತೊಯ್ಯುತ್ತಿರುವ ಕಾಯಿಯನ್ನು, ತಾಡಪತ್ರಿಯ ಒಂದು ತುದಿ ಹಿಡಿದು ನಿಂತ ಹುಡುಗನನ್ನು ನೋಡಿದ. ಆಮೇಲೆ, ಇಷ್ಟು ಕೂಗಿದರೂ ಆ ಹುಡುಗನ ಅಪ್ಪ ಯಾಕೆ ಏಳುತ್ತಿಲ್ಲ ಎನ್ನುವ ಹಾಗೆ, ಒಳಕೋಣೆಯ ಕತ್ತಲೆಯ ಕಡೆಗೆ ತಿರುಗಿ ಕಾಯತೊಡಗಿದ.