ಅಜ್ಜಾರ ಪಾದ ಕಾಯ್ದ ಖೋಲಿ

ಬನಹಟ್ಟಿಯ ಗಿರಿಮಲ್ಲಪ್ಪನವರ ಮಗ್ಗದ ಕಾರಖಾನೆಯಲ್ಲಿ ದಾನಮ್ಮನದು ಕೆಚ್ಚುವ ಕೆಲಸ. ಮಗ್ಗಕ್ಕೆ ಉದ್ದಕ್ಕೆ ಎಳೆದ ನೂಲಿನ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಎರಡು ಸಾವಿರಕ್ಕೂ ಮೇಲೆ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತವಳು ನಡುವೆ ಎದ್ದರೆ ಅಷ್ಟು ಹೊತ್ತು ಮಗ್ಗ ಸುಮ್ಮನೆ ನಿಲ್ಲುತ್ತದೆ.

ಹೆರಿಗೆಯಾದ ನಾಲ್ಕು ತಿಂಗಳಿಗೆ ಅವಳು ಕೆಲಸಕ್ಕೆ ಮರಳಿದಳು. ಮೊದಲ ವಾರ ಅತ್ತೆ ಶಿವವ್ವ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಬಂದಳು. ನೂಲಿನ ಮೂಟೆಗಳ ಹಿಂದೆ ಕೂತು ಕುಡಿಸಬೇಕಿತ್ತು. ಅದು ಗಂಡಸರು ಓಡಾಡುವ ದಾರಿ. ಆಮೇಲೆ ಶಿವವ್ವ ಬರುವುದನ್ನು ಬಿಟ್ಟಳು, ಮನೆಗೆ ಬಾಟಲಿ ಬಂತು. ದಾನಮ್ಮ ಬಚ್ಚಲಿಗೆ ಹೋಗಿ ಎದೆ ಹಿಂಡಿ, ಹಾಲಿನ ಮೇಲೆ ನೀರು ಸುರಿದು ಬರುತ್ತಿದ್ದಳು.

ಒಂದು ದಿನ ಗಿರಿಮಲ್ಲಪ್ಪನವರು ಮಗ್ಗದ ಹತ್ತಿರ ಬಂದಾಗ ಕೇಳಿದಳು. "ಸಾವಕಾರ್ರ, ಒಂದ್ ಖೋಲಿ ಕೊಡ್ರಿ. ದಿನಕ್ಕ ಎರಡ ಸಲ ಏಳ್ತೇನಿ. ಇಲ್ಲಂದ್ರ ಹಾಲು ಬತ್ತಿ ಹೊಕ್ಕಾವ್ರಿ."

ಹೆತ್ತ ಮೇಲೆ ಕೆಲಸ ಬಿಟ್ಟ ಇಬ್ಬರು ಮತ್ತೆ ಬಂದಿರಲಿಲ್ಲ. "ನಾಕ ಮಗ್ಗ ನಿಂತಾವ," ಎಂದರು ಗಿರಿಮಲ್ಲಪ್ಪ. "ನೀನೂ ಬಿಟ್ರ ನಾನ ಕುಂತ ಕೆಚ್ಚಬೇಕಾಕ್ಕೈತಿ."

"ನಿಮಗ ಎಳಿ ಅಲ್ರಿ, ಮಗ್ಗಾನ ಕಾಣಂಗಿಲ್ಲ," ಎಂದಳು ಪಕ್ಕದಲ್ಲಿ ಕೆಚ್ಚುತ್ತಿದ್ದ ತಾರವ್ವ. ಸಾವಕಾರರೂ ನಕ್ಕರು.

ಮೂರೇ ದಿನದಲ್ಲಿ ನೂಲಿನ ಖೋಲಿ ತೆರವಾಯಿತು. ಸುಣ್ಣ, ಫ್ಯಾನು, ಪರದೆ, ತೊಟ್ಟಿಲಿಗೆ ಕೊಂಡಿ. ಆಮೇಲೆ ಗಿರಿಮಲ್ಲಪ್ಪನವರು ಬಾಗಿಲಿಗೆ ಕೀಲಿ ಹಾಕಿದರು.

"ಆಷಾಢ ಐತೆವಾ. ಶ್ರಾವಣದಾಗ ಮಠದ ಅಜ್ಜಾರು ಬಂದು ಪಾದ ಇಡ್ಲಿ. ಕೂಸುಗೋಳ ಕೂಡೂ ಜಾಗಾ, ಹಂಗ ತಗೀಬಾರ್ದು."

ಯಾರೂ ಬೇಡವೆನ್ನಲಿಲ್ಲ. ದಾನಮ್ಮನಿಗೂ ಅದು ಸರಿ ಎನಿಸಿತು. ಹೋಗುವಾಗ ಬರುವಾಗ ಅವಳು ಆ ಬಾಗಿಲಿಗೆ ಕೈ ಮುಗಿಯುತ್ತಿದ್ದಳು.

ಆ ತಿಂಗಳು ಹೇಗೆ ಕಳೆಯಿತೆಂದು ಅವಳಿಗೇ ತಿಳಿಯದು. ರಾತ್ರಿಯೂ ಕೂಸು ಬಾಟಲಿಯನ್ನೇ ಹುಡುಕತೊಡಗಿತು. ಒಂದು ದಿನ ಸಂಜೆಯ ತನಕ ಕುಪ್ಪಸ ಒದ್ದೆಯಾಗಲಿಲ್ಲ. ಮರುದಿನವೂ ಆಗಲಿಲ್ಲ.

"ಛಲೋ ಆತ್ ಬಿಡಬೇ, ಬಚ್ಚಲಕ್ಕ ಓಡೂದು ತಪ್ಪಿತು," ಎಂದಳು ತಾರವ್ವ, ಸಮಾಧಾನಕ್ಕೆ. ದಾನಮ್ಮ ಹೂಂ ಎಂದಳು.

ಶ್ರಾವಣದ ಮೊದಲ ಸೋಮವಾರ ಅಜ್ಜಾರು ಬಂದರು, ಪಾದ ಇಟ್ಟರು, ವಿಭೂತಿ ಹಚ್ಚಿದರು. "ಕೇಳಿದಾಕಿ ದಾನಮ್ಮ, ಮೊದಲ ಆಕಿನ ಕೂಡ್ಲಿ," ಎಂದರು ಸಾವಕಾರರು. ಶಿವವ್ವ ಕೂಸನ್ನು ತಂದಿದ್ದಳು.

ಪರದೆ ಎಳೆದುಕೊಂಡು ದಾನಮ್ಮ ಎದೆ ಕೊಟ್ಟಳು. ಕೂಸು ಎರಡು ಸಲ ಚೀಪಿ ಬಿಟ್ಟಿತು. ಅಳಲಿಲ್ಲ; ತಿರುಗುವ ಫ್ಯಾನನ್ನು ನೋಡುತ್ತ ಮಲಗಿತು. ಒಂದು ಕೂಸು ಹೊಟ್ಟೆ ತುಂಬ ಕುಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿದ್ದು ಅವಳು ಹೊರಗೆ ಬಂದಳು.

"ಕುಡೀತೇನವಾ?" ಎಂದು ಸಾವಕಾರರು ಕೇಳಿದರು.

"ಹೂನ್ರಿ."

ಗಿರಿಮಲ್ಲಪ್ಪನವರು ಕಣ್ಣು ಮುಚ್ಚಿ ಶಿವನನ್ನು ನೆನೆದರು.

ಖೋಲಿಯ ಸುದ್ದಿ ಕೇಳಿ, ಕೆಲಸ ಬಿಟ್ಟಿದ್ದ ಮಾಯವ್ವ ಕೈಕೂಸಿನೊಂದಿಗೆ ಮರಳಿದಳು. ನಿಂತಿದ್ದ ಮಗ್ಗಗಳಲ್ಲಿ ಎರಡು ನಡೆಯತೊಡಗಿದವು. "ಖೋಲಿ ಮಾಡ್ರಿ, ಲುಕ್ಸಾನ ಇಲ್ಲ," ಎಂದು ಗಿರಿಮಲ್ಲಪ್ಪನವರು ರಬಕವಿಯ ಸಾವಕಾರರಿಗೆ ಹೇಳುತ್ತಾರೆ. ಅದು ಖರೆಯೇ.

ದಿನಕ್ಕೆರಡು ಸಲ ಮಾಯವ್ವ ಏಳುತ್ತಾಳೆ. ಅವಳು ಬರುವ ತನಕ ಮಗ್ಗ ಕಾಯಬಾರದಲ್ಲ. ದಾನಮ್ಮ ಪಕ್ಕಕ್ಕೆ ಸರಿದು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಅವಳ ಎಳೆಗಳನ್ನೂ ಕೆಚ್ಚುತ್ತಾಳೆ.